ಹಿಮ ನೋಡದ ಮೊಲ, ರೆಂಬೆ ನೋಡುವ ಹುಳು

ಉತ್ತರ ಅಮೆರಿಕದ ಸ್ನೋಶೂ ಮೊಲ ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಹಿಮ ಕಂಡು ಮೈಬಣ್ಣ ಬದಲಿಸುತ್ತದೆ ಅನ್ನಿಸುವುದು ಸಹಜ. ಆದರೆ ಶರತ್ಕಾಲದಲ್ಲಿ ಅದು ಬಿಳಿಯಾಗತೊಡಗುವುದು ಹಗಲು ಕುಗ್ಗಿದ್ದಕ್ಕೆ, ಹಿಮ ಬಿದ್ದದ್ದಕ್ಕಲ್ಲ. ರಾತ್ರಿ ಉದ್ದವಾದಂತೆ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಹೊತ್ತು ಸ್ರವಿಸಿ, ಕಂದು ರೋಮ ಉದುರಿ ಬಿಳಿ ರೋಮ ಹುಟ್ಟುತ್ತದೆ. ಆ ವರ್ಷ ಹಿಮ ತಡವಾದರೆ? ಬರಿನೆಲದ ಮೇಲೆ ಬೆಳ್ಳಗಿನ ಮೊಲ, ಸುತ್ತ ಲಿಂಕ್ಸ್ ಬೆಕ್ಕುಗಳು. ಮೊಂಟಾನಾದಲ್ಲಿ ಮೊಲಗಳಿಗೆ ರೇಡಿಯೊ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು: ನೆಲಕ್ಕೆ ಬಣ್ಣ ಹೊಂದದಿದ್ದಾಗ ಮೊಲ ಒಂದು ವಾರ ಬದುಕುಳಿಯುವ ಸಾಧ್ಯತೆ ಹೆಚ್ಚೆಂದರೆ ಶೇ. 7ರಷ್ಟು ತಗ್ಗುತ್ತದೆ. ವಾರಕ್ಕೆ ಇಷ್ಟು ಅಂದರೆ ಸಣ್ಣ ನಷ್ಟವೇನಲ್ಲ.

ಇಂಗ್ಲೆಂಡಿನ ಪೆಪ್ಪರ್ಡ್ ಪತಂಗದ್ದು ಬೇರೆಯೇ ದಾರಿ. ರೆಕ್ಕೆ ಬಂದ ಮೇಲೆ ಅದರ ಬಣ್ಣ ಸಾಯುವವರೆಗೂ ಒಂದೇ. ಬದಲಾದದ್ದು ಅದರ ವಂಶ. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಪ್ಪು ಪತಂಗವೊಂದು ದಾಖಲಾಯಿತು. ಕಾರ್ಖಾನೆಗಳ ಮಸಿ ಮರಗಳಿಗೆ ಮೆತ್ತಿ, ಕಲ್ಲುಹೂವು ಸತ್ತು, ಮಸುಕು ಬಿಳಿಯ ಪತಂಗಗಳು ಹಕ್ಕಿಗಳ ಕಣ್ಣಿಗೆ ಎದ್ದು ಕಾಣತೊಡಗಿದವು. 1895ರ ಹೊತ್ತಿಗೆ ಅಲ್ಲಿನ ಪತಂಗಗಳಲ್ಲಿ ಶೇ. 98ರಷ್ಟು ಕಪ್ಪು. 1956ರ ಶುದ್ಧ ಗಾಳಿ ಕಾಯ್ದೆಯ ನಂತರ ಮಸಿ ಕಡಿಮೆಯಾಯಿತು, ಕಪ್ಪು ಪತಂಗವೂ ವಿರಳವಾಯಿತು. ಕಪ್ಪಿಗೆ ಕಾರಣ ಕಾರ್ಟೆಕ್ಸ್ ಎಂಬ ಜೀನಿನೊಳಗೆ ನುಸುಳಿದ ಡಿಎನ್‌ಎ ತುಣುಕು ಎಂದು 2016ರಲ್ಲಿ ತಿಳಿಯಿತು.

ಹಾಗಾದರೆ ಮೊಲ ತಾನೇ ಬದಲಾಗುತ್ತದೆ, ಪತಂಗದಲ್ಲಿ ಬದಲಾಗುವುದು ಪೀಳಿಗೆ ಎಂದು ಗೆರೆ ಎಳೆದು ಬಿಡಬಹುದೇ? ಪಠ್ಯಪುಸ್ತಕಕ್ಕೆ ಅನುಕೂಲವಾದ ಗೆರೆ ಅದು, ಆದರೆ ಎರಡೂ ಪ್ರಾಣಿಗಳು ಅದನ್ನು ದಾಟುತ್ತವೆ. ಇದೇ ಪತಂಗದ ಕಂಬಳಿಹುಳು ತಾನು ಕೂತ ರೆಂಬೆಗೆ ತಕ್ಕಂತೆ ಹಸಿರೋ ಕಂದೋ ಆಗುತ್ತದೆ. ಕಣ್ಣಿಗೆ ಬಣ್ಣ ಬಳಿದು ಮುಚ್ಚಿದರೂ ಆಗುತ್ತದೆ. ಬಣ್ಣವನ್ನು ಅದು ಚರ್ಮದಿಂದಲೂ ಗ್ರಹಿಸುತ್ತದೆ! ಸುತ್ತಲಿನದನ್ನು ನಿಜಕ್ಕೂ ನೋಡಿ ಬಣ್ಣ ಬದಲಿಸುವುದು ಈ ಹುಳುವೇ.

ಇತ್ತ ಅಮೆರಿಕದ ಪೆಸಿಫಿಕ್ ಕರಾವಳಿಯ ಕಡೆ, ಹಿಮ ಅಷ್ಟಾಗಿ ನಿಲ್ಲದ ಜಾಗಗಳಲ್ಲಿ, ಚಳಿಗಾಲದಲ್ಲೂ ಕಂದಾಗಿಯೇ ಉಳಿಯುವ ಸ್ನೋಶೂ ಮೊಲಗಳಿವೆ. ಅಲ್ಲಿ ಪತಂಗದ ಹಾಗೆ ವಂಶವೇ ಬದಲಾಗಿದೆ. ಅವುಗಳನ್ನು ಕಂದಾಗಿ ಉಳಿಸುವುದು ರೋಮದ ಬಣ್ಣಕ್ಕೆ ಸಂಬಂಧಿಸಿದ ಅಗೌಟಿ ಎಂಬ ಜೀನಿನ ಒಂದು ರೂಪ. ಆ ರೂಪ ಮೂಲತಃ ಅವುಗಳದ್ದಲ್ಲ. ಹಿಂದೆಂದೋ ಕಪ್ಪುಬಾಲದ ಜಾಕ್‌ರ‍್ಯಾಬಿಟ್ ಮೊಲಗಳೊಡನೆ ಕೂಡಿದಾಗ ಬಂದದ್ದು ಎಂದು 2018ರ ಸಂಶೋಧನೆ ತೋರಿಸಿತು. ಹಿಮದ ದಿನಗಳು ಕಡಿಮೆಯಾದಂತೆ ಒಳನಾಡಿನಲ್ಲೂ ಈ ಎರವಲು ಜೀನಿಗೆ ಬೆಲೆ ಬರಬಹುದು.