ಮಿಸಿಸಿಪ್ಪಿಗೆ ದುಡ್ಡು ನಿಂತಿದ್ದೇಕೆ? ಅಮೆರಿಕದ ಫೌಂಡೇಶನ್‌ಗಳು ಮತ್ತು ಕಪ್ಪು ಜನರ ಹೋರಾಟ

1962ರ ಆಗಸ್ಟ್ ಕೊನೆ. ಫ್ಯಾನಿ ಲೌ ಹೇಮರ್ ಎಂಬ ಕಪ್ಪು ಮಹಿಳೆ ಮತ್ತು ಇನ್ನಷ್ಟು ಜನ ಒಂದು ಹಳೇ ಬಸ್ಸು ಹತ್ತಿ, ಅಮೆರಿಕದ ದಕ್ಷಿಣದ ರಾಜ್ಯವಾದ ಮಿಸಿಸಿಪ್ಪಿಯ ಇಂಡಿಯಾನೋಲಾ ಪಟ್ಟಣಕ್ಕೆ ಹೋದರು. ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಿತ್ತು, ಅಷ್ಟೇ. ಅಲ್ಲಿನ ಗುಮಾಸ್ತ ರಾಜ್ಯ ಸಂವಿಧಾನದ ಒಂದು ಭಾಗ ತೋರಿಸಿ ಅರ್ಥ ಹೇಳಿ ಅಂದ. ಹೇಮರ್ ಆ ಪರೀಕ್ಷೆಯಲ್ಲಿ ಫೇಲಾದರು. ಹೆಸರು ಸೇರಿಸಲು ಹೋದದ್ದಕ್ಕೇ, ಅವರು 18 ವರ್ಷ ದುಡಿದಿದ್ದ ಹತ್ತಿ ತೋಟದ ಮಾಲೀಕ ಅಂದೇ ಅವರನ್ನು ಹೊರಹಾಕಿದ.

ಅದೇ ವರ್ಷ ಅಟ್ಲಾಂಟಾದಲ್ಲಿ, ದಕ್ಷಿಣದ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವವರಿಗೆ ಹಣ ಕೊಡುವ ವೋಟರ್ ಎಜುಕೇಶನ್ ಪ್ರಾಜೆಕ್ಟ್ ಶುರುವಾಗಿತ್ತು. ಟಕಾನಿಕ್, ಫೀಲ್ಡ್, ಸ್ಟರ್ನ್ ಎಂಬ ಮೂರು ಫೌಂಡೇಶನ್‌ಗಳು, ಅಂದರೆ ಶ್ರೀಮಂತರ ಹಣದ ದಾನಸಂಸ್ಥೆಗಳು, ಇದಕ್ಕೆ ಹಣ ಹಾಕಿದ್ದವು. ಹಿಂದಿನಿಂದ ಒತ್ತಾಸೆ ಕೊಟ್ಟಿದ್ದು ಕೆನಡಿ ಸರ್ಕಾರ. 1961ರಲ್ಲಿ ಕಪ್ಪು ಮತ್ತು ಬಿಳಿ ಕಾರ್ಯಕರ್ತರು ಬಸ್ಸುಗಳಲ್ಲಿ ಒಟ್ಟಿಗೆ ಕೂತು ದಕ್ಷಿಣಕ್ಕೆ ಹೊರಟಾಗ ಗಲಾಟೆ, ಬೆಂಕಿ, ಹೊಡೆತ ಎಲ್ಲ ಆಗಿತ್ತು. ಬೀದಿಯಲ್ಲಿ ಜಗಳ ಬೇಡ, ಸುಮ್ನೆ ವೋಟರ್ ಪಟ್ಟಿ ಕೆಲಸ ಮಾಡಿ ಎನ್ನುವುದು ಅಧ್ಯಕ್ಷ ಕೆನಡಿಯವರ ತಮ್ಮ, ಆಗ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಕೆನಡಿಯವರ ಲೆಕ್ಕಾಚಾರ. ದಕ್ಷಿಣದಲ್ಲಿ ಪಟ್ಟಿಗೆ ಹೆಸರು ಸೇರಿಸುವುದಕ್ಕಿಂತ ದೊಡ್ಡ ಜಗಳ ಇನ್ನೊಂದಿಲ್ಲ ಅಂತ ಅವರಿಗೆ ಆಮೇಲೆ ಗೊತ್ತಾಗಿರಬೇಕು.

ಹಣ ಹಂಚುವ ಹೊಣೆ ವೈಲಿ ಬ್ರಾಂಟನ್ ಎಂಬ ಕಪ್ಪು ವಕೀಲರದ್ದು. ಬಿಳಿಯರ ಶಾಲೆಗೆ ಕಪ್ಪು ಮಕ್ಕಳನ್ನೂ ಸೇರಿಸಬೇಕೆಂಬ ಲಿಟಲ್ ರಾಕ್ ಕೇಸು ನಡೆಸಿದ್ದವರು ಇವರೇ. ಎರಡೂವರೆ ವರ್ಷದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚುಕಡಿಮೆ 7 ಲಕ್ಷ ಹೊಸ ಹೆಸರುಗಳು ಪಟ್ಟಿ ಸೇರಿದವು. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಮಿಸಿಸಿಪ್ಪಿಯಲ್ಲಿ ಎಷ್ಟು ಹಣ ಸುರಿದರೂ ಹೆಸರು ಸೇರಲಿಲ್ಲ. ಕಾರ್ಯಕರ್ತರು ಜೈಲಿಗೆ ಹೋದರು, ಗುಂಡು ತಿಂದರು. ಕೇಂದ್ರ ಸರ್ಕಾರ ರಕ್ಷಣೆಗೆ ಬರಲಿಲ್ಲ. 1963ರ ನವೆಂಬರ್‌ನಲ್ಲಿ ಬ್ರಾಂಟನ್ ಪತ್ರ ಬರೆದು, ಅಲ್ಲಿಗೆ ಇನ್ನು ಹಣ ಕೊಡಲಾಗದು ಎಂದು ತಿಳಿಸಿದರು.

ನನಗೆ ಇಡೀ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣುವುದು ಈ ಪತ್ರ. ಬ್ರಾಂಟನ್ ಕೆಟ್ಟವರಲ್ಲ, ಅವರ ಕೈಯಲ್ಲಿದ್ದ ಹಣ ಕಡಿಮೆ. ಆದರೆ ಅವರು ಎಣಿಸಿದ್ದು ಹೆಸರುಗಳನ್ನು. ಹೆದರಿ ಬಾಗಿಲು ಹಾಕಿಕೊಂಡಿದ್ದ ಮನೆಗಳ ಜನ ಚರ್ಚ್‌ಗಳಲ್ಲಿ ಸಭೆ ಸೇರತೊಡಗಿದ್ದನ್ನು ಎಣಿಸಲು ಯಾವ ಫಾರಂನಲ್ಲೂ ಜಾಗವಿರಲಿಲ್ಲ. ಅದೇ ಸಂಘಟನೆ 1964ರಲ್ಲಿ ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿಯಾಯಿತು. ಹೇಮರ್ ಆ ಪಕ್ಷದ ಪರವಾಗಿ ಟಿವಿ ಕ್ಯಾಮೆರಾಗಳ ಮುಂದೆ ಮಾತಾಡಿದರು. 1965ರಲ್ಲಿ ಮತದಾನ ಹಕ್ಕು ಕಾಯ್ದೆ ಬಂತು. 1964ರಲ್ಲಿ ಆ ರಾಜ್ಯದ ಮತದಾನದ ವಯಸ್ಸಿನ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಶೇ. 7ರಷ್ಟೂ ಇರಲಿಲ್ಲ, 1967ಕ್ಕೆ ಹತ್ತಿರ ಹತ್ತಿರ ಶೇ. 60 ಆದರು.

ದಾನಿಗಳ ಇಷ್ಟ ಹೋರಾಟದ ದಾರಿ ಬದಲಿಸಿದ್ದು ಇದೇ ಮೊದಲಲ್ಲ. 1920ರಲ್ಲಿ ಚಾರ್ಲ್ಸ್ ಗಾರ್ಲೆಂಡ್ ಎಂಬ ಯುವಕ ಅಪ್ಪನಿಂದ ಬಂದ ಸುಮಾರು 10 ಲಕ್ಷ ಡಾಲರ್ ಆಸ್ತಿ ನನಗೆ ಬೇಡ ಅಂದುಬಿಟ್ಟ. ಗೆಳೆಯರು ಒಪ್ಪಿಸಿದ ಮೇಲೆ 1922ರಲ್ಲಿ ಆ ಹಣದಿಂದ ಒಂದು ನಿಧಿ ಹುಟ್ಟಿತು. ಆಗ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಗೆ ಮುಖ್ಯವಾಗಿದ್ದು ಗುಂಪುಗೂಡಿ ಕಪ್ಪು ಜನರನ್ನು ನೇಣಿಗೇರಿಸುತ್ತಿದ್ದ ಹಿಂಸೆಯನ್ನು ನಿಲ್ಲಿಸುವುದು. ಗಾರ್ಲೆಂಡ್ ನಿಧಿಗೆ ಶಾಲೆಗಳ ವಿಷಯದಲ್ಲಿ ಆಸಕ್ತಿ ಜಾಸ್ತಿ. 1930ರಲ್ಲಿ 1 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಆರ್ಥಿಕ ಕುಸಿತದಿಂದಾಗಿ ಅದರಲ್ಲಿ ಸಣ್ಣ ಪಾಲು ಮಾತ್ರ ಬಂತು, ಆದರೂ ಸಂಘಟನೆಯ ಗಮನ ನಿಧಾನವಾಗಿ ಶಾಲೆಗಳ ಕಡೆ ಹೊರಳಿತು ಎನ್ನುತ್ತಾರೆ ರಾಜ್ಯಶಾಸ್ತ್ರಜ್ಞೆ ಮೇಗನ್ ಮಿಂಗ್ ಫ್ರಾನ್ಸಿಸ್. ಆ ದಾರಿ, ಕಪ್ಪು ಮತ್ತು ಬಿಳಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಸಲ್ಲದು ಎಂದ 1954ರ ಬ್ರೌನ್ ತೀರ್ಪಿಗೆ ತಲುಪಿತು, ಹಾಗಾಗಿ ಅದನ್ನು ತಪ್ಪು ಅನ್ನುವ ಹಾಗೂ ಇಲ್ಲ. ಆದರೆ ಹಾಗೆ ಕೊಲ್ಲುವುದನ್ನು ಕೇಂದ್ರದ ಅಪರಾಧವೆಂದು ಸಾರುವ ಕಾಯ್ದೆ ಬರಲು 2022 ಆಗಬೇಕಾಯಿತು.

ಇನ್ನೊಂದು ಕಡೆ ಸರ್ಕಾರವೂ ದಾನಿಗಳ ಕೈ ಕಟ್ಟಿತು. 1967ರಲ್ಲಿ ಫೋರ್ಡ್ ಫೌಂಡೇಶನ್ ಕ್ಲೀವ್‌ಲೆಂಡ್ ನಗರದ ಕೋರ್ (CORE) ಎಂಬ ನಾಗರಿಕ ಹಕ್ಕುಗಳ ಸಂಘಟನೆಗೆ 1,75,000 ಡಾಲರ್ ಕೊಟ್ಟಿತು. ಅದರಲ್ಲಿ ಒಂದು ಪಾಲು ಮತದಾರರ ನೋಂದಣಿಗೆ ಹೋಯಿತು. ಆ ನವೆಂಬರ್‌ನಲ್ಲೇ ಕಾರ್ಲ್ ಸ್ಟೋಕ್ಸ್ ಮೇಯರ್ ಆಗಿ ಗೆದ್ದರು. ದೊಡ್ಡ ನಗರವೊಂದಕ್ಕೆ ಕಪ್ಪು ಮೇಯರ್ ಆಯ್ಕೆಯಾದದ್ದು ಅದೇ ಮೊದಲು. ಫೌಂಡೇಶನ್ ಹಣ ಚುನಾವಣೆಯಲ್ಲಿ ಕೈಯಾಡಿಸಿತೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಗದ್ದಲವೆದ್ದಿತು. 1969ರ ತೆರಿಗೆ ಕಾಯ್ದೆ ಬಂದ ಮೇಲೆ, ಫೌಂಡೇಶನ್ ಹಣ ಮತದಾರರ ನೋಂದಣಿಗೆಂದೇ ಹೋಗಬೇಕಾದರೆ ಆ ಕೆಲಸ ಕನಿಷ್ಠ ಐದು ರಾಜ್ಯಗಳಲ್ಲಿ ನಡೆಯಬೇಕು, ಒಂದೇ ಚುನಾವಣೆಗೆ ಸೀಮಿತವಾಗಿರಬಾರದು, ಪಕ್ಷಪಾತ ಇರಬಾರದು. ಒಂದೂರಿನ ಸಣ್ಣ ಸಂಘಕ್ಕೆ ಇದೆಲ್ಲ ಎಲ್ಲಿ ಸಾಧ್ಯ, ಅಲ್ವಾ?

ಹಣ ಯಾರಿಗೆ ಅಂತ ಬೀದಿಯಲ್ಲಿ ಕೆಲಸ ಮಾಡುವವರೇ ತೀರ್ಮಾನಿಸಲಿ ಎಂಬ ಪ್ರಯೋಗಗಳೂ ನಡೆದವು. 1974ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ಹೇಮಾರ್ಕೆಟ್ ಪೀಪಲ್ಸ್ ಫಂಡ್ ಅಂಥದ್ದು. ಶ್ರೀಮಂತ ಮನೆಗಳ ಮಕ್ಕಳು ಹಣ ಕೊಟ್ಟರು, ಹಂಚುವ ಕೆಲಸವನ್ನು ಕಾರ್ಯಕರ್ತರಿಗೆ ಬಿಟ್ಟರು. ಮೊತ್ತ ದೊಡ್ಡದಲ್ಲ. ದೊಡ್ಡ ಫೌಂಡೇಶನ್‌ಗಳು ಇಂಥದ್ದನ್ನು ಹೊಗಳಿದಷ್ಟು ಅನುಸರಿಸಲಿಲ್ಲ.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಕೊಲೆಯಾದ ಮೇಲೆ ಎಲ್ಲ ಕಡೆಯಿಂದ ಹಣದ ಭರವಸೆಗಳು ಹರಿದು ಬಂದವು. ಮೂರೇ ವರ್ಷಕ್ಕೆ ಗಾಳಿ ತಿರುಗಿತು. ಕಪ್ಪು ಮಹಿಳೆಯರ ಸಣ್ಣ ಉದ್ಯಮಗಳಿಗೆ ತಲಾ 20,000 ಡಾಲರ್ ಕೊಡುತ್ತಿದ್ದ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಮೇಲೆ 2023ರಲ್ಲಿ ಕೇಸು ಬಿತ್ತು. ಬಳಸಿದ ಅಸ್ತ್ರ 1866ರ ನಾಗರಿಕ ಹಕ್ಕು ಕಾಯ್ದೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆಂದು ಮಾಡಿದ ಕಾನೂನು! 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟು ಆ ಯೋಜನೆಗೆ ತಡೆ ಹಾಕಿತು, ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಯೋಜನೆಯೇ ಮುಚ್ಚಿತು.

ಆ ಕೇಸು ಅರ್ಜಿದಾರರ ಜನಾಂಗ ನೋಡಿ ಹಣ ಕೊಡುವುದರ ಬಗ್ಗೆ. ತಾರತಮ್ಯದ ವಿರುದ್ಧ ಕೆಲಸ ಮಾಡುವ ಸಂಘಟನೆಗೆ ಹಣ ಕೊಡುವುದು ಬೇರೆಯೇ ಮಾತು. ಇಂಥದ್ದಕ್ಕೇ ಖರ್ಚು ಮಾಡಿ ಎಂದು ಗುರುತು ಹಾಕದೆ, ಬಾಡಿಗೆ, ಸಂಬಳ, ಪ್ರಯಾಣ ಎಲ್ಲಕ್ಕೂ ಬಳಸಿಕೊಳ್ಳಿ ಅಂತ ಕೊಡುವ ಸಾಮಾನ್ಯ ನೆರವಿಗೆ 1969ರ ಕಾಯ್ದೆಯಲ್ಲೂ ಅವಕಾಶವಿದೆ. ಇಷ್ಟಿದ್ದರೂ ಬಹಳಷ್ಟು ಫೌಂಡೇಶನ್‌ಗಳು ಇವತ್ತಿಗೂ ಒಂದೊಂದು ವರ್ಷದ, ಒಂದೊಂದು ಪ್ರಾಜೆಕ್ಟಿನ ಲೆಕ್ಕದಲ್ಲೇ ಹಣ ಕೊಡುತ್ತವೆ.