ಕಮಿಟ್ ಸಂದೇಶ ಎಐ ಬರೆಯಲಿ, ಕಾರಣ ನಾವು ಬರೆಯೋಣ

ಕಬ್ಬಿನ ಬಿಲ್ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ ಒಂದೇ ಒಂದು ಚಿಹ್ನೆ ಬದಲಾಗಿತ್ತು. ಪಾವತಿಯ ಗಡುವು ಮೀರಿದೆಯೇ ಎಂದು ನೋಡುವ ಸಾಲಿನಲ್ಲಿ ‘14ಕ್ಕಿಂತ ಹೆಚ್ಚು’ ಎಂದಿದ್ದದ್ದು ‘14 ಅಥವಾ ಹೆಚ್ಚು’ ಎಂದಾಗಿತ್ತು. ಎಐ ಸಹಾಯಕ ಅದಕ್ಕೆ ಕೊಟ್ಟ ಕಮಿಟ್ ಸಂದೇಶ (ಕೋಡ್ ಬದಲಾವಣೆಯನ್ನು ದಾಖಲಿಸುವಾಗ ಜೊತೆಗೆ ಬರೆಯುವ ಟಿಪ್ಪಣಿ): ‘refactor(ಬಿಲ್): ಪಾವತಿ ಲೆಕ್ಕದ ಕೋಡ್ ಸುಧಾರಣೆ’. ಬದಲಾವಣೆಯ ಬಗೆ ಹೇಳುವ ಟೈಪ್ ಇದೆ, ಯಾವ ಭಾಗದ್ದು ಎಂದು ಹೇಳುವ ಸ್ಕೋಪ್ ಇದೆ, ಉದ್ದವೂ ಮಿತಿಯಲ್ಲಿದೆ. ಸಂದೇಶದ ರೂಪ ತಪಾಸಿಸುವ ಕಮಿಟ್‌ಲಿಂಟ್ ತಕರಾರಿಲ್ಲದೆ ಒಳಗೆ ಬಿಟ್ಟಿತು.

ಆದರೆ ಆ ಸಂದೇಶ ಸುಳ್ಳು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ರೈತರಿಗೆ ಹಣ ಸಂದಾಯವಾಗಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. 14ನೇ ದಿನವೇ ಹಣ ಹಾಕಿದ ಕಾರ್ಖಾನೆಯ ಲೆಕ್ಕಕ್ಕೂ ಬಡ್ಡಿ ಸೇರಿಸುವ ಬದಲಾವಣೆ ರಿಫ್ಯಾಕ್ಟರ್ ಆಗುವುದು ಹೇಗೆ? ಪ್ರೋಗ್ರಾಂ ನಡೆದುಕೊಳ್ಳುವ ರೀತಿ ಒಂದಿಷ್ಟೂ ಬದಲಾಗದಿದ್ದರೆ ಮಾತ್ರ ಆ ಟೈಪ್ ಬಳಸಬೇಕು.

ಬೆಳಗಾವಿಯಲ್ಲಿ ಕುಳಿತು ಗೋಕಾಕ, ಅಥಣಿ, ಮುಧೋಳ, ಜಮಖಂಡಿ ಕಡೆಯ ಕಾರ್ಖಾನೆಗಳಿಗೆ ಕಾಟಾ (ತೂಕ) ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಮ್ಮಂಥ ಸಣ್ಣ ತಂಡಗಳಿಗೆ ಇದು ಶಿಸ್ತಿನ ತೋರಿಕೆಯ ವಿಷಯವಲ್ಲ. ಹಂಗಾಮಿನ ನಡುವೆ ರೈತರೊಬ್ಬರು ಎರಡು ಬಿಲ್ ಹಿಡಿದು ಬಂದು ‘ಹ್ವಾದ ವಾರ ಒಂದ್ ಲೆಕ್ಕ, ಈ ವಾರ ಇನ್ನೊಂದ್ ಯಾಕ್ರೀ?’ ಎಂದಾಗ ನಾವು ತೆರೆಯುವುದು ಕೋಡ್ ಬದಲಾವಣೆಗಳ ಇತಿಹಾಸವಾದ ಗಿಟ್ ಲಾಗ್. ಬ್ಲೇಮ್ ಹಾಕಿದರೆ ಆ ಸಾಲು ಯಾವ ಕಮಿಟ್‌ನಲ್ಲಿ ಬದಲಾಯಿತು ಎಂದು ತಿಳಿಯುತ್ತದೆ. ಯಾಕೆ ಬದಲಾಯಿತು ಎಂಬುದು ಸಂದೇಶದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಐ ನೋಡುವುದು ಮುಖ್ಯವಾಗಿ ಡಿಫ್ ಅನ್ನು, ಅಂದರೆ ಯಾವ ಸಾಲು ಹೇಗೆ ಬದಲಾಯಿತು ಎಂಬುದನ್ನು. ಎಫ್‌ಆರ್‌ಪಿ (ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ) 340 ರೂಪಾಯಿಯಿಂದ 355 ಆಗಿದ್ದು ಅದಕ್ಕೆ ಕಾಣುತ್ತದೆ. ಅದು 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕ್ವಿಂಟಲ್ ದರ, ಶೇ 10.25ರ ಮೂಲ ಸಕ್ಕರೆ ಇಳುವರಿಗೆ ಅನ್ವಯ, ಹಿಂದಿನ ಹಂಗಾಮಿನ ಬಾಕಿ ಬಿಲ್ಲುಗಳಿಗೆ ತಾಗಬಾರದು ಎಂಬುದು ಡಿಫ್‌ನಲ್ಲಿ ಎಲ್ಲೂ ಇರುವುದಿಲ್ಲ. ಆದ್ದರಿಂದ ಅದು ‘ದರ ಅಪ್‌ಡೇಟ್’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಇನ್ನೂ ಕೆಟ್ಟದ್ದೆಂದರೆ ಕಾರಣವನ್ನು ತಾನೇ ಊಹಿಸಿ, ನಂಬುವ ಹಾಗೆ ಬರೆಯುತ್ತದೆ. ಖಾಲಿ ಸಂದೇಶಕ್ಕಿಂತ ಅದು ಅಪಾಯಕಾರಿ, ಏಕೆಂದರೆ ಎರಡು ವರ್ಷದ ನಂತರ ಓದುವವರು ಅದನ್ನೇ ನಿಜವೆಂದು ಹಿಡಿಯುತ್ತಾರೆ.

ಎಐಗೆ ಕೊಡುವ ನಮ್ಮ ನಿಯಮದ ಫೈಲ್‌ನಲ್ಲಿ ಮೊದಲ ಸಾಲು ಇದೇ: ಕಾರಣ ಗೊತ್ತಿಲ್ಲದಿದ್ದರೆ ಊಹಿಸಬೇಡ, ಕೇಳು. ಫೀಚರ್ ಮತ್ತು ಫಿಕ್ಸ್ ಕಮಿಟ್‌ಗಳಿಗೆ ಕೆಳಗೆ ಕಾರಣದ ಒಂದು ಸಾಲು ಕಡ್ಡಾಯ. ಅದನ್ನು ಕೆಲಸ ಮಾಡಿಸಿದವರೇ ಟೈಪ್ ಮಾಡಬೇಕು. ಎಐ ಸಹಾಯಕಗಳಲ್ಲಿ ತಂಡದ ಒಬ್ಬರು ಕೋಪೈಲಟ್, ಇನ್ನೊಬ್ಬರು ಕರ್ಸರ್, ಮತ್ತೊಬ್ಬರು ಕ್ಲಾಡ್ ಕೋಡ್ ಬಳಸುತ್ತಾರೆ. ಪ್ರತಿಯೊಂದಕ್ಕೂ ತನ್ನದೇ ಸೂಚನಾ ಫೈಲ್ ಇದೆ. ನಿಯಮಗಳನ್ನು ಏಜೆಂಟ್ಸ್ ಡಾಟ್ ಎಂಡಿ ಎಂಬ ಒಂದೇ ಫೈಲ್‌ನಲ್ಲಿ ಇಟ್ಟು, ಉಳಿದವು ಅದನ್ನೇ ಓದುವಂತೆ ಮಾಡಿ. ಉದ್ದುದ್ದ ನಿಯಮಕ್ಕಿಂತ ನಿಮ್ಮದೇ ಪ್ರಾಜೆಕ್ಟಿನ ನಾಲ್ಕು ಒಳ್ಳೆಯ ಸಂದೇಶಗಳನ್ನು ಮಾದರಿಯಾಗಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಸ್ಕೋಪ್‌ಗಳ ಪಟ್ಟಿಯನ್ನೂ ಮುಚ್ಚಿಬಿಡಿ: ಕಾಟಾ, ಬಿಲ್, ಖಾತೆ, ವರದಿ. ಇಲ್ಲದಿದ್ದರೆ ವಾರಕ್ಕೊಂದು ಹೊಸ ಹೆಸರು ಹುಟ್ಟುತ್ತದೆ.

ಸೂಚನಾ ಫೈಲ್ ಎಂದರೆ ವಿನಂತಿ ಅಷ್ಟೆ. ತಡೆಯುವ ಕೆಲಸ ಕಮಿಟ್ ಮಾಡುವಾಗ ತಾನಾಗಿ ಓಡಿ ಸಂದೇಶ ತಪಾಸಿಸುವ ಕಮಿಟ್-ಎಂಎಸ್‌ಜಿ ಹುಕ್ ಎಂಬ ಸ್ಕ್ರಿಪ್ಟಿನದು. ಆದರೆ ಡಾಟ್ ಗಿಟ್ ಫೋಲ್ಡರಿನೊಳಗಿನ ಹುಕ್‌ಗಳು ಪ್ರಾಜೆಕ್ಟನ್ನು ಕ್ಲೋನ್ (ನಕಲು) ಮಾಡಿದಾಗ ಬರುವುದಿಲ್ಲ. ಹೊಸದಾಗಿ ಸೇರಿದ ಇಂಟರ್ನ್ ಲ್ಯಾಪ್‌ಟಾಪ್‌ನಲ್ಲಿ ಅದು ಇರುವುದೇ ಇಲ್ಲ. ಹುಕ್‌ಗಳನ್ನು ಎಲ್ಲರಿಗೂ ಹಾಕಿಕೊಡುವ ಹಸ್ಕಿ ಬಳಸಿ, ಅಥವಾ ಅವನ್ನು ರೆಪೊದಲ್ಲೇ (ಪ್ರಾಜೆಕ್ಟಿನ ಕೋಡ್ ಭಂಡಾರದಲ್ಲೇ) ಇಟ್ಟು ಗಿಟ್‌ನ ಕೋರ್ ಹುಕ್ಸ್‌ಪಾತ್ ಸೆಟ್ ಮಾಡಿ. ಅಷ್ಟಾದರೂ ‘ತಪಾಸಣೆ ಬಿಡು’ ಎನ್ನುವ ನೋ-ವೆರಿಫೈ ಹಾಕಿದರೆ ಹುಕ್ ಸುಮ್ಮನಾಗುತ್ತದೆ, ಮತ್ತು ಹುಕ್ ಎರಡು ಸಲ ತಡೆದರೆ ಮೂರನೆಯ ಸಲ ಅದನ್ನೇ ಹಾಕಿ ದಾಟಿಹೋಗುವ ಎಐ ಏಜೆಂಟ್‌ಗಳನ್ನು ನೋಡಿದ್ದೇನೆ. ಆದ್ದರಿಂದ ಅದೇ ತಪಾಸಣೆ ಸರ್ವರಿನಲ್ಲಿ ತಾನಾಗಿ ನಡೆಯುವ ಸಿಐನಲ್ಲೂ ಇರಲೇಬೇಕು. ಸ್ಕ್ವಾಶ್ ಮರ್ಜ್ ಮಾಡುವವರು ಪುಲ್ ರಿಕ್ವೆಸ್ಟಿನ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಶೀರ್ಷಿಕೆಯನ್ನೂ ತಪಾಸಿಸಿ. ಹಲವು ಕಮಿಟ್ ಒಂದಾದಾಗ ಮುಖ್ಯ ಬ್ರಾಂಚ್‌ನಲ್ಲಿ ಸಾಮಾನ್ಯವಾಗಿ ಉಳಿಯುವುದು ಅದೇ.

ಕನ್ನಡದಲ್ಲಿ ಸಂದೇಶ ಬರೆಯುವ ತಂಡಗಳಿಗೆ ಒಂದು ಮಾತು. ನಾವು ಹಾಗೆ ಬರೆಯುತ್ತೇವೆ, ಬರೆಯಬೇಕು ಎಂದೂ ನಂಬುತ್ತೇನೆ. ಆದರೆ ‘ಕ್ಷ’ ನಮಗೆ ಒಂದು ಅಕ್ಷರ, ಯೂನಿಕೋಡಿಗೆ ಮೂರು, ಬೈಟ್ ಎಣಿಸುವ ಶೆಲ್ ಸ್ಕ್ರಿಪ್ಟಿಗೆ ಒಂಬತ್ತು. ಇಂಗ್ಲಿಷಿಗೆ ಹೊಂದುವ 50ರ ಮಿತಿ ಇಲ್ಲಿ ಸಣ್ಣ ವಾಕ್ಯವನ್ನೂ ತಿರಸ್ಕರಿಸಬಹುದು. ಆಗ ಎಐ ಅರ್ಥ ಕೆಡುವಷ್ಟು ಪದ ಕತ್ತರಿಸಿ ಮಿತಿಗೆ ತರುತ್ತದೆ. ಮಿತಿ ಸಡಿಲಿಸಿ, ಬೈಟ್ ಬಿಟ್ಟು ಅಕ್ಷರ ಎಣಿಸಿ. ಟೈಪ್ ಮಾತ್ರ ಇಂಗ್ಲಿಷ್ ಲಿಪಿಯಲ್ಲೇ ಇರಲಿ. fix ಕಂಡರೆ ಪ್ಯಾಚ್ (ಕೊನೆಯ ಅಂಕಿ), feat (ಫೀಚರ್) ಕಂಡರೆ ಮೈನರ್ (ನಡುವಿನ ಅಂಕಿ) ಎಂದು ಆವೃತ್ತಿ ಏರಿಸುವ ರಿಲೀಸ್ ಟೂಲ್‌ಗಳು ಓದುವುದು ಅದನ್ನೇ.

ಎಷ್ಟೇ ಒಳ್ಳೆಯ ನಿಯಮವಿದ್ದರೂ ಕಮಿಟ್ ದೊಡ್ಡದಾದರೆ ಪ್ರಯೋಜನವಿಲ್ಲ. ಒಂದೇ ಬೈಠಕ್ಕಿನಲ್ಲಿ ಏಜೆಂಟ್ ಕಾಟಾದ ತೂಕ, ಬಿಲ್ಲಿನ ಬಡ್ಡಿ, ವರದಿಯ ಅಂಚು ಎಲ್ಲವನ್ನೂ ಮುಟ್ಟಿದ್ದರೆ ಅದಕ್ಕೆ ಪ್ರಾಮಾಣಿಕವಾದ ಒಂದು ಶೀರ್ಷಿಕೆ ಯಾರೂ ಕೊಡಲಾರರು. ತಪ್ಪು ಹುಡುಕಲು ಬೈಸೆಕ್ಟ್ ಮಾಡಿದಾಗ (ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹೋದಾಗ) ಆ ರಾಶಿಯಲ್ಲೇ ಬಂದು ನಿಲ್ಲುತ್ತದೆ, ರಿವರ್ಟ್ ಮಾಡಿ ಹಿಂತೆಗೆದರೆ ಸರಿ ಇದ್ದದ್ದೂ ಹೋಗುತ್ತದೆ. ಒಂದೊಂದು ಉದ್ದೇಶ ಮುಗಿದಂತೆ ಕಮಿಟ್ ಮಾಡಲು ಸೂಚನೆ ಕೊಡಿ. ಉಳಿದುಕೊಂಡದ್ದನ್ನು ಗಿಟ್ ಆ್ಯಡ್ ಪ್ಯಾಚ್‌ನಿಂದ ನೀವೇ ಬೇರ್ಪಡಿಸಿ.

ಯಾರ ಹೆಸರು ಇರಬೇಕು ಎಂಬ ಪ್ರಶ್ನೆಗೆ ಲಿನಕ್ಸ್ ಕರ್ನಲ್‌ನವರ ದಾರಿ ನನಗೆ ಒಪ್ಪಿಗೆ: ಎಐ ನೆರವನ್ನು ‘ಅಸಿಸ್ಟೆಡ್-ಬೈ’ ಎಂದು ದಾಖಲಿಸಬಹುದು, ಹೊಣೆ ಹೊರುವ ‘ಸೈನ್ಡ್-ಆಫ್-ಬೈ’ ಸಹಿ ಮನುಷ್ಯರದೇ ಆಗಿರಬೇಕು. ನಮ್ಮಲ್ಲಿ ಬಿಲ್ ಸ್ಕೋಪಿನ ಕಮಿಟ್‌ಗೆ ಸಹಿ ಇಲ್ಲದಿದ್ದರೆ ಸಿಐ ಮುಂದೆ ಬಿಡುವುದಿಲ್ಲ.

ಇದನ್ನೆಲ್ಲ ಶುರು ಮಾಡಲು ಕಬ್ಬು ನುರಿಸುವ ಹಂಗಾಮಿಗೆ ಮುಂಚಿನ ತಿಂಗಳುಗಳೇ ಸೂಕ್ತ. ಕಾಟಾದ ಮುಂದೆ ಟ್ರ್ಯಾಕ್ಟರ್ ಸಾಲುಗಟ್ಟಿದ ಮೇಲೆ ಹೊಸ ನಿಯಮ ಯಾರ ತಲೆಗೂ ಹೋಗುವುದಿಲ್ಲ. ಹಳೆಯ ಸಂದೇಶಗಳನ್ನು ತಿದ್ದಲು ಮಾತ್ರ ಹೋಗಬೇಡಿ. ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಹ್ಯಾಶ್‌ಗಳೂ (ಕಮಿಟ್‌ಗಳ ಗುರುತು ಸಂಖ್ಯೆಗಳೂ) ಬದಲಾಗಿ ತಂಡದವರ ಕ್ಲೋನ್‌ಗಳು ಒಂದಕ್ಕೊಂದು ಹೊಂದದಂತಾಗುತ್ತವೆ. ಒಂದು ಕಮಿಟ್ ಗುರುತಿಸಿ, ಅದರ ನಂತರದ್ದನ್ನು ಮಾತ್ರ ನೋಡುವಂತೆ ಕಮಿಟ್‌ಲಿಂಟ್‌ಗೆ ಹೇಳಿದರೆ ಸಾಕು.