ನಿನ್ನೆ ಓಡಿದ ಗಾಡಿ ಇವತ್ತು ಯಾಕೆ ಸ್ಟಾರ್ಟ್ ಆಗಲ್ಲ?

ಆಯುಧ ಪೂಜೆಯ ಮರುದಿನ ದಾವಣಗೆರೆಯ ಯಾವ ಗ್ಯಾರೇಜಿಗೆ ಬೇಕಾದರೂ ಹೋಗಿ ನೋಡಿ. ಹ್ಯಾಂಡಲ್‌ಗೆ ಚೆಂಡು ಹೂವಿನ ಹಾರ, ಟ್ಯಾಂಕ್ ಮೇಲೆ ವಿಭೂತಿ, ಕುಂಕುಮ. ಗಾಡಿ ಮಾತ್ರ ತಳ್ಳಿಕೊಂಡು ಬಂದದ್ದು. "ಏನೂ ಮಾಡಿಲ್ಲಣ್ಣ, ಸುಮ್ನೆ ತೊಳ್ದು ಪ್ಲಗ್ ಕ್ಲೀನ್ ಮಾಡ್ದೆ ಅಷ್ಟೆ" ಅನ್ನುತ್ತಾರೆ. ನಮಗೆ ಅಷ್ಟು ಗೊತ್ತಾದರೆ ಅರ್ಧ ಕೆಲಸ ಆದಂತೆಯೇ.

ಮೊನ್ನೆಯವರೆಗೆ ಒಂದೇ ಕಿಕ್‌ಗೆ ಏಳುತ್ತಿದ್ದ ಇಂಜಿನ್ ಒಂದು ರಾತ್ರಿಯಲ್ಲಿ ಕೆಡುವುದು ಅಪರೂಪ. ಮನೆಯಲ್ಲಿ ಸರ್ವಿಸ್ ಮಾಡಿದ ಮೇಲೆ ಗಾಡಿ ಏಳದಿದ್ದರೆ, ನಿಮ್ಮ ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲೇ ಹುಡುಕಿ. ಕೊನೆಗೆ ಮುಟ್ಟಿದ್ದನ್ನು ಮೊದಲು ನೋಡಿ, ಹಾಗೇ ಹಿಂದಕ್ಕೆ ಹೋಗಿ. ಬಹಳ ಜನ ಇದನ್ನು ಬಿಟ್ಟು ಮುಟ್ಟದೇ ಇದ್ದ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬರೇಟರ್ ಬಿಚ್ಚಲು ಕೂರುತ್ತಾರೆ. ಒಂದಿದ್ದ ತೊಂದರೆ ಎರಡಾಗುತ್ತದೆ.

ಪಾನ ಹಿಡಿಯುವ ಮೊದಲು ಹ್ಯಾಂಡಲ್ ಮೇಲಿನ, ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ನೋಡಿ. ಹ್ಯಾಂಡಲ್ ಒರೆಸುವಾಗ ಬಟ್ಟೆ ತಾಗಿ ಅದು ಆಫ್ ಆಗಿರುತ್ತದೆ. ಕೆಲವು ಗಾಡಿಗಳಲ್ಲಿ ಕಿಲ್ ಸ್ವಿಚ್ ಆಫ್ ಇದ್ದರೂ ಸೆಲ್ಫ್ ತಿರುಗುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಪೆಟ್ರೋಲ್ ಕಾಕ್ ಆನ್ ಇದೆಯಾ, ನ್ಯೂಟ್ರಲ್ ಲೈಟ್ ಉರಿಯುತ್ತಿದೆಯಾ, ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲೆದ್ದಿದೆಯಾ ನೋಡಿ. ಸ್ಟ್ಯಾಂಡ್‌ಗೆ ಸೆನ್ಸರ್ ಇರುವ ಗಾಡಿಯಲ್ಲಿ, ಚೈನ್‌ಗೆ ಹೊಡೆದ ಗ್ರೀಸು, ಕೆಸರು ಆ ಸ್ವಿಚ್ಚಿಗೆ ಮೆತ್ತಿಕೊಂಡರೂ ಗಾಡಿ ಏಳದೆ ಸತಾಯಿಸುತ್ತದೆ.

ಈಗ ಸೆಲ್ಫ್ ಒತ್ತಿ, ಕಿವಿಗೊಟ್ಟು ಕೇಳಿ. ಸದ್ದೇ ಇಲ್ಲವಾ? ಟಕ್ ಟಕ್ ಅಂತ ನಿಲ್ಲುತ್ತದಾ? ಅಥವಾ ಇಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯುತ್ತಿಲ್ಲವಾ? ಮೊದಲ ಎರಡಾದರೆ ಬ್ಯಾಟರಿಯ ಕಡೆ ಹೋಗಿ. ಮೂರನೆಯದಾದರೆ ಪ್ಲಗ್, ಪೆಟ್ರೋಲ್, ಗಾಳಿಯ ಕಡೆ.

ಬ್ಯಾಟರಿ ಬಿಚ್ಚಿ ಹಾಕಿದವರು ಮಾಡುವ ಎಡವಟ್ಟು ಸಾಮಾನ್ಯವಾಗಿ ಎರಡೇ. ಟರ್ಮಿನಲ್ ಸ್ಕ್ರೂ ಬಿಗಿಯಾಗಿರುವುದಿಲ್ಲ. ಹೆಡ್‌ಲೈಟು ಹಾರ್ನು ಕೆಲಸ ಮಾಡುತ್ತವೆ, ಆದರೆ ಸೆಲ್ಫ್ ಎಳೆಯುವಷ್ಟು ಕರೆಂಟ್ ಆ ಸಡಿಲು ಜಾಗದಲ್ಲಿ ಹೋಗುವುದಿಲ್ಲ. ಎರಡನೆಯದು ಪ್ಲಸ್ ಮೈನಸ್ ಅದಲು ಬದಲು. ಹಾಗೆ ಆಗಿದ್ದರೆ ಫ್ಯೂಸ್ ಹೋಗಿರುತ್ತದೆ. ಫ್ಯೂಸ್ ಹೋಗಿ ನಿಮ್ಮ ವೈರಿಂಗ್ ಉಳಿಸಿದೆ ಅಂದುಕೊಳ್ಳಿ. ಅಷ್ಟೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಿ, ತಂತಿ ಸುತ್ತಬೇಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಮೀಟರ್ ಇದ್ದರೆ ಗಾಡಿ ಆಫ್ ಮಾಡಿ ವೋಲ್ಟೇಜ್ ನೋಡಿ. 12.6 ರ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ. 12 ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು.

ಇಂಜಿನ್ ತಿರುಗಿ ಹಿಡಿಯದಿದ್ದರೆ ನಾನು ಮೊದಲು ಕೈ ಹಾಕುವುದು ಪ್ಲಗ್ ಕ್ಯಾಪ್‌ಗೆ. ಮೇಲಿಂದ ನೋಡಿದರೆ ಕೂತಂತೆ ಕಾಣುತ್ತದೆ, ಒಳಗೆ ಕೂತಿರುವುದಿಲ್ಲ. ಗಟ್ಟಿಯಾಗಿ ಒತ್ತಿದರೆ 'ಟಕ್' ಅಂತ ಕೂರಬೇಕು. ಎರಡು ಪ್ಲಗ್ ಇರುವ ಗಾಡಿಯಾದರೆ ಎರಡನ್ನೂ ನೋಡಿ. ಪ್ಲಗ್ಗಿನ ತುದಿಯಲ್ಲಿ ತಿರುಗಿಸಿ ಹಾಕುವ ಪುಟ್ಟ ನಟ್ ಒಂದಿರುತ್ತದೆ. ಕೆಲವು ಕ್ಯಾಪ್‌ಗಳಿಗೆ ಅದು ಬೇಕು, ಕೆಲವಕ್ಕೆ ಬೇಡ. ಹಳೇ ಪ್ಲಗ್ ಹೇಗಿತ್ತೋ ಹೊಸದೂ ಹಾಗೇ ಇರಬೇಕು. ಇನ್ನು ಗ್ಯಾಪ್, ಅಂದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜುವಾಗ, ಪ್ಲಗ್ ಕೈಜಾರಿ ಕಲ್ಲಿನ ಮೇಲೆ ಬಿದ್ದಾಗ ಗ್ಯಾಪ್ ಮುಚ್ಚಿಹೋಗುತ್ತದೆ. ಬಹಳಷ್ಟು ನಮ್ಮ ಕಮ್ಯೂಟರ್ ಗಾಡಿಗಳಿಗೆ ಅದು 0.7 ರಿಂದ 0.9 ಮಿಲಿಮೀಟರ್ ಒಳಗೆ ಇರಬೇಕು. ನಿಮ್ಮ ಗಾಡಿಯ ಲೆಕ್ಕ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಕ್ಲೀನ್ ಮಾಡುತ್ತಾ ಕೂರಬೇಡಿ, ಹೊಸ ಪ್ಲಗ್ ದುಬಾರಿಯೇನಲ್ಲ.

ಪ್ಲಗ್ ಬಿಚ್ಚಿದಾಗ ಅದರ ತುದಿ ಕೂಡ ನೋಡಿ. ಪೆಟ್ರೋಲ್‌ನಲ್ಲಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕರೆಂಟ್ ಬರುತ್ತಿಲ್ಲ. ಇಲ್ಲವೇ ಚೋಕ್ ಎಳೆದು ಎಳೆದು ಓವರ್‌ಫ್ಲೋ ಮಾಡಿದ್ದೀರಿ. ಕಾರ್ಬರೇಟರ್ ಗಾಡಿಯಾದರೆ ಚೋಕ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕಾರು ಕಿಕ್ ಹೊಡೆಯಿರಿ. ಪ್ಲಗ್ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಟ್ಯಾಂಕ್ ಎತ್ತಿ ಕೂರಿಸಿದವರು ಅದರ ಕೆಳಗೆ ಪೈಪ್ ಮಡಚಿಕೊಂಡಿದೆಯಾ ಅಂತ ಬಗ್ಗಿ ನೋಡಿ. ಕರೆಂಟ್ ನೋಡುವ ಆಸೆಗೆ ಪ್ಲಗ್ ವೈರ್ ಗಾಳಿಯಲ್ಲಿ ಹಿಡಿದು ಸೆಲ್ಫ್ ಹೊಡೆಯಬೇಡಿ, ಪ್ಲಗ್ಗಿಗೆ ಕರೆಂಟ್ ಕಳಿಸುವ ಸಿಡಿಐ ಯೂನಿಟ್ ಸುಟ್ಟುಹೋಗಬಹುದು. ಪಕ್ಕದಲ್ಲಿ ಪೆಟ್ರೋಲ್ ಬೇರೆ ಇರುತ್ತದೆ.

ಬರೀ ತೊಳೆದವರದು ಇನ್ನೊಂದು ಕತೆ. ಪ್ರೆಶರ್ ನೀರು ಹೊಡೆದರೆ ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತು ಕ್ಯಾಪ್ ಒಳಗೆ ಕರೆಂಟ್ ಹಾರಿಹೋಗುತ್ತದೆ. ಕ್ಯಾಪ್ ತೆಗೆದು ಒರೆಸಿ, ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿದರೆ ಸಾಕು. ನಮ್ಮೂರ ಬಿಸಿಲಿಗೆ ಅರ್ಧ ಗಂಟೆ ಜಾಸ್ತಿಯೇ ಆಯಿತು.

ಏರ್ ಫಿಲ್ಟರ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಸುಗ್ಗಿಯಲ್ಲಿ ನಮ್ಮ ಹಳ್ಳಿ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಗಿರುತ್ತದೆ, ಆ ಧೂಳಿನಲ್ಲಿ ಓಡಾಡುವ ಗಾಡಿಗೆ ಫಿಲ್ಟರ್ ಬೇಗ ಕಟ್ಟುವುದು ನಿಜ. ಅದಕ್ಕೆ ಪೇಪರ್ ಫಿಲ್ಟರನ್ನು ಸೀಮೆಎಣ್ಣೆಯಲ್ಲೋ ಸೋಪಿನ ನೀರಲ್ಲೋ ಅದ್ದುವುದಾ? ಒದ್ದೆ ಪೇಪರ್‌ನಲ್ಲಿ ಗಾಳಿ ಹೋಗುವುದಿಲ್ಲ, ಗಾಡಿ ಎದ್ದರೂ ಕೆಮ್ಮಿ ನಿಲ್ಲುತ್ತದೆ. ಎಣ್ಣೆ ಲೇಪದ ಪೇಪರ್ ಫಿಲ್ಟರ್ ಇದ್ದರೆ ತೊಳೆಯುವುದು, ಗಾಳಿ ಹೊಡೆಯುವುದು ಎರಡೂ ಬೇಡ, ಹೊಸದು ಹಾಕಿ. ತೊಳೆಯಬಹುದಾದದ್ದು ಸ್ಪಂಜಿನ ಫಿಲ್ಟರ್ ಮಾತ್ರ. ಅದೂ ಪೂರ್ತಿ ಒಣಗಬೇಕು, ಹಾಕುವ ಎಣ್ಣೆಯನ್ನು ಚೆನ್ನಾಗಿ ಹಿಂಡಬೇಕು.

2020 ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚಿನವು ಎಫ್‌ಐ, ಅಂದರೆ ಕಾರ್ಬರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್. ಕೀ ಆನ್ ಮಾಡಿದಾಗ ಟ್ಯಾಂಕ್ ಒಳಗೆ ಒಂದೆರಡು ಸೆಕೆಂಡ್ 'ಜುಯ್' ಅನ್ನುವ ಪಂಪ್ ಸದ್ದು ಬರಬೇಕು. ಬರದಿದ್ದರೆ ಕಿಲ್ ಸ್ವಿಚ್, ಫ್ಯೂಸ್, ಪಂಪಿನ ವೈರ್ ಜೋಡಿಸುವ ಕಪ್ಲರ್ ನೋಡಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇವನ್ನು ತಳ್ಳಿ ಸ್ಟಾರ್ಟ್ ಮಾಡುವುದು ಕಷ್ಟ, ಸುಮ್ನೆ ಬೆವರು. ಇಂಜಿನ್ ಲೈಟ್ ಆರದೆ ಉರಿಯುತ್ತಿದ್ದರೆ ಫಿಲ್ಟರ್ ಬಾಕ್ಸ್ ಬಿಚ್ಚುವಾಗ ಕಳಚಿದ ಯಾವುದಾದರೂ ಸೆನ್ಸರ್ ಕಪ್ಲರ್ ಹಾಗೇ ಉಳಿದಿರಬಹುದು. ತಳಭಾಗ ತೊಳೆಯಲು ಗಾಡಿ ಮಲಗಿಸಿದ್ದರೆ ಬೀಳು-ಸೆನ್ಸರ್ ಇಂಜಿನ್ ತಡೆದಿರುತ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ.

ಆಯಿಲ್ ಬದಲಿಸಿದ ಮಾತ್ರಕ್ಕೆ ಗಾಡಿ ನಿಲ್ಲುವುದಿಲ್ಲ. ಆದರೆ ಹಲವು 100 ಸಿಸಿ ಗಾಡಿಗಳಿಗೆ ಬದಲಿಸುವಾಗ ಒಂದು ಲೀಟರ್‌ಗಿಂತ ಕಡಿಮೆ ಸಾಕು. ಡಬ್ಬಿ ಪೂರ್ತಿ ಸುರಿದರೆ ಹೆಚ್ಚಾದದ್ದು ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಹಿಡಿದು ಏರ್ ಫಿಲ್ಟರ್ ತನಕ ಬರುತ್ತದೆ. ವಾಲ್ವ್ ಸಂದು ಹೊಂದಿಸುವ ಟ್ಯಾಪೆಟ್‌ಗೆ ಕೈ ಹಾಕಿದವರು, ಕಿಕ್ಕರ್ ಒತ್ತಿದರೆ ಮೊದಲಿಗಿಂತ ಹಗುರ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಂಜಿನ್ ಒಳಗಿನ ಒತ್ತಡ, ಅಂದರೆ ಕಂಪ್ರೆಶನ್ ಹೋಗುತ್ತಿದೆ.

ಸೆಲ್ಫ್ ಒಂದು ಸಲಕ್ಕೆ ಐದು ಸೆಕೆಂಡ್ ಮೀರಿ ಒತ್ತಬೇಡಿ, ನಡುವೆ ಸ್ವಲ್ಪ ಬಿಡುವು ಕೊಡಿ. ಇಷ್ಟಾದರೂ ಏಳದಿದ್ದರೆ ಗ್ಯಾರೇಜಿಗೆ ತನ್ನಿ. ಬೈಸಿಕೊಳ್ಳುತ್ತೇವೆ ಅಂತ ಮುಚ್ಚಿಡದೆ ಏನೇನು ಬಿಚ್ಚಿದ್ದಿರಿ ಅಂತ ಹೇಳಿ, ನಿಮ್ಮ ಲೇಬರ್ ಚಾರ್ಜೇ ಉಳಿಯುತ್ತದೆ. ಪ್ಲಗ್ ಹಾಕುವಾಗ ಮೊದಲ ಸುತ್ತುಗಳು ಕೈಯಲ್ಲೇ ಸಲೀಸಾಗಿ ಹೋಗದೆ ಪಾನದಲ್ಲಿ ಬಲವಂತ ಮಾಡಿದ್ದರೆ ಅದನ್ನಂತೂ ಖಂಡಿತ ಹೇಳಿ. ಹೆಡ್ ಅಲ್ಯೂಮಿನಿಯಂನದು, ಥ್ರೆಡ್ ಹೋಗಿದ್ದರೆ ಮತ್ತೆ ಬಿಗಿ ಮಾಡಲು ಹೋಗದೆ ಹಾಗೇ ತನ್ನಿ. ಹೊಸ ಥ್ರೆಡ್ ಕೂರಿಸಿ ಅದೇ ಹೆಡ್ ಉಳಿಸಿಕೊಳ್ಳಬಹುದು.